ಹಗ್ಗ ಹರಿಯುವ ಮೊದಲೇ ನೋಡೋಣ

ಮಕ್ಕಳೇ, ಬುಗುರಿ ಆಡುವವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಬುಗುರಿ ಎಷ್ಟೇ ಚೆಂದದ್ದಾಗಿರಲಿ, ಚಾಟಿ ಸವೆದು ಎಳೆ ಎಳೆಯಾಗಿ ಬಿಟ್ಟುಕೊಂಡಿದ್ದರೆ ಆಟ ಮುಗಿದಂತೆಯೇ. ಇಡೀ ಆಟ ಆ ಸಣ್ಣ ದಾರವನ್ನೇ ನಂಬಿಕೊಂಡಿರುತ್ತದೆ.

ಈ ಮಾತು ನಮ್ಮ ತುಂಗಭದ್ರೆಯ ಮೇಲೆ ಓಡುವ ಮೋಟಾರ್ ದೋಣಿಗೂ ಸಲ್ಲುತ್ತದೆ. ದೋಣಿಯ ಹಿಂಬದಿಯ ಹಲಗೆಗೆ ಸಿಕ್ಕಿಸಿದ ಸಣ್ಣ ಇಂಜಿನನ್ನು ನೀವು ನೋಡಿರಬಹುದು. ಇದನ್ನು ಔಟ್‌ಬೋರ್ಡ್ ಮೋಟಾರ್ ಎನ್ನುತ್ತಾರೆ. ಅದರ ತಲೆಯ ಮುಂಭಾಗದಲ್ಲಿ ಒಂದು ಹಿಡಿಕೆ ಇರುತ್ತದೆ. ದೋಣಿ ನಡೆಸುವವರು ಅದನ್ನು ಹಿಡಿದು ಜೋರಾಗಿ ಎಳೆಯುತ್ತಾರೆ. ಹಗ್ಗ ಹೊರಗೆ ಬರುತ್ತದೆ, ಇಂಜಿನ್ ಚಾಲೂ ಆಗುತ್ತದೆ, ಹಗ್ಗ ಸರ್ರನೆ ತಾನಾಗಿಯೇ ಒಳಗೆ ಹೋಗುತ್ತದೆ. ಹೀಗೆ ಎಳೆದ ಹಗ್ಗವನ್ನು ಮರಳಿ ಸುತ್ತಿಕೊಳ್ಳುವ ಭಾಗವೇ ರಿಕಾಯಿಲ್ ಸ್ಟಾರ್ಟರ್. ದೋಣಿಯನ್ನು ಹತ್ತಿರದಿಂದ ನೋಡದವರು ಕಂಪ್ಲಿ ಕಡೆಯ ಗದ್ದೆಗಳಲ್ಲಿ ಗಮನಿಸಿ. ಬೆನ್ನಿಗೆ ಹೊತ್ತು ಬೆಳೆಗೆ ಔಷಧಿ ಹೊಡೆಯುವ ಪೆಟ್ರೋಲ್ ಇಂಜಿನ್ನಿನ ಸ್ಪ್ರೇಯರ್‌ನಲ್ಲೂ ಇಂಥದೇ ಹಿಡಿಕೆ, ಇಂಥದೇ ಹಗ್ಗ ಇರುತ್ತದೆ.

ಎಷ್ಟು ಗಟ್ಟಿ ಹಗ್ಗವಾದರೂ ಒಂದಲ್ಲ ಒಂದು ದಿನ ಹರಿಯುತ್ತದೆ. ಆಗ ಏನು ಮಾಡಬೇಕು? ‘ಪೂರ್ತಿ ಸ್ಟಾರ್ಟರನ್ನೇ ಬದಲಾಯಿಸಿ’ ಎನ್ನುವವರು ಇದ್ದಾರೆ. ‘ಹಗ್ಗ ಮಾತ್ರ ಹಾಕಿದರೆ ಸಾಕು’ ಎನ್ನುವವರೂ ಇದ್ದಾರೆ. ಇವರಿಬ್ಬರಲ್ಲಿ ಯಾರ ಮಾತು ಸರಿ ಎಂದು ತಿಳಿಯಬೇಕಾದರೆ ಒಳಗೆ ಏನಿದೆ ಎಂಬುದು ಗೊತ್ತಿರಬೇಕು. ನನ್ನ ಅಭಿಪ್ರಾಯ ಇಷ್ಟೇ: ಕೆಟ್ಟಿದ್ದನ್ನು ಸರಿಪಡಿಸುವುದು ವಿಜ್ಞಾನ. ಕೆಡುವ ಮೊದಲೇ ನೋಡಿ ತಿಳಿಯುವುದು ಇನ್ನೂ ದೊಡ್ಡ ವಿಜ್ಞಾನ. ಇವೆರಡಕ್ಕೂ ನಮ್ಮ ವಿಜ್ಞಾನದ ತರಗತಿಯಲ್ಲಿ ಜಾಗ ಸಿಗಬೇಕು.

ಬುಟ್ಟಿಯಿಂದ ಮೋಟಾರಿಗೆ

ನಮ್ಮ ನದಿಯಲ್ಲಿ ಮೋಟಾರ್ ಬರುವ ಮೊದಲು ಹರಿಗೋಲೇ ಎಲ್ಲ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇದನ್ನು ನೋಡಿ ಬರೆದಿಟ್ಟಿದ್ದಾನೆ. ಬುಟ್ಟಿಯ ಹಾಗೆ ದುಂಡಗಿನ ದೋಣಿ, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ. ಹದಿನೈದು ಇಪ್ಪತ್ತು ಜನ ಕೂರಬಹುದು, ಬೇಕಾದರೆ ಕುದುರೆ, ಎತ್ತುಗಳನ್ನೂ ದಾಟಿಸಬಹುದು ಎಂದು ಆತ ಹೇಳುತ್ತಾನೆ. ಹುಟ್ಟು ಹಾಕಿದರೆ ದೋಣಿ ಗಿರಗಿರನೆ ತಿರುಗುತ್ತಾ ಸಾಗುವುದನ್ನೂ ಆತ ಗಮನಿಸಿದ್ದ. ಹಂಪಿ, ಆನೆಗುಂದಿ ಕಡೆ ಹರಿಗೋಲು ನೋಡಿದವರಿಗೆ ಇದು ಹೊಸ ವಿಷಯವಲ್ಲ.

ಹರಿಗೋಲಿನಲ್ಲಿ ಎಲ್ಲವೂ ಕಣ್ಣೆದುರಿಗೇ ಇರುತ್ತದೆ. ಎಲ್ಲಿ ಹೆಣಿಗೆ ಸಡಿಲವಾಗಿದೆ, ಎಲ್ಲಿ ನೀರು ಜಿನುಗುತ್ತಿದೆ ಎಂಬುದು ನಡೆಸುವವರಿಗೆ ತಕ್ಷಣ ಕಾಣುತ್ತದೆ. ಮೋಟಾರಿನ ವಿಷಯ ಹಾಗಲ್ಲ. ಅದರ ಅಂಗಾಂಗಗಳೆಲ್ಲ ಮುಚ್ಚಳದೊಳಗೆ ಅಡಗಿರುತ್ತವೆ.

ಅಮೆರಿಕದ ಮಿಲ್ವಾಕೀ ನಗರದ ಓಲೆ ಎವಿನ್‌ರೂಡ್ ಎಂಬಾತ 1909ರ ಸುಮಾರಿಗೆ ದೋಣಿಯ ಹಿಂಬದಿಗೆ ಸಿಕ್ಕಿಸುವ ಮೋಟಾರುಗಳನ್ನು ತಯಾರಿಸಿ ಮಾರಲು ಆರಂಭಿಸಿದ. ಮುಂದೆ ಬಂದ ಎಷ್ಟೋ ಹಳೆಯ ಮೋಟಾರುಗಳಲ್ಲಿ ಹಗ್ಗ ಬೇರೆಯಾಗಿಯೇ ಇರುತ್ತಿತ್ತು. ಹಗ್ಗದ ತುದಿಗೆ ಗಂಟು ಹಾಕಿ, ಇಂಜಿನ್ನಿನ ಮೇಲಿನ ಚಕ್ರದ ಕಚ್ಚಿಗೆ ಸಿಕ್ಕಿಸಿ, ಸುತ್ತಿ ಎಳೆಯಬೇಕಿತ್ತು. ಥೇಟ್ ಬುಗುರಿಯಂತೆ! ಇಂಜಿನ್ ಚಾಲೂ ಆಗದಿದ್ದರೆ ಮತ್ತೆ ಸುತ್ತು, ಮತ್ತೆ ಎಳೆ. ಈ ತೊಂದರೆಯನ್ನು ರಿಕಾಯಿಲ್ ಸ್ಟಾರ್ಟರ್ ತಪ್ಪಿಸಿತು.

ಮುಚ್ಚಳದೊಳಗೆ ಏನಿದೆ?

ಬನ್ನಿ, ಒಂದೊಂದಾಗಿ ನೋಡೋಣ.

ಮೊದಲನೆಯದು ನೈಲಾನ್ ಹಗ್ಗ ಮತ್ತು ಹಿಡಿಕೆ. ಎರಡನೆಯದು ಹಗ್ಗ ಸುತ್ತಿಕೊಳ್ಳುವ ರಾಟೆ. ಮೂರನೆಯದು ರಾಟೆಗೆ ಜೋಡಿಸಿದ ಸುರುಳಿ ಸ್ಪ್ರಿಂಗು. ಇದು ತೆಳುವಾದ ಉಕ್ಕಿನ ಪಟ್ಟಿ, ಜಿಲೇಬಿಯ ಹಾಗೆ ಸುತ್ತಿರುತ್ತದೆ. ನಾಲ್ಕನೆಯದು ಕೊಕ್ಕೆಯಂಥ ಸಣ್ಣ ತುಂಡುಗಳು. ಇವನ್ನು ಪಾಲ್ ಎಂದು ಕರೆಯುತ್ತಾರೆ. ಐದನೆಯದು ಈ ಕೊಕ್ಕೆಗಳು ಕಚ್ಚಿಕೊಳ್ಳುವ ಬಟ್ಟಲು. ಇದು ಇಂಜಿನ್ನಿನ ಭಾರವಾದ ಚಕ್ರಕ್ಕೆ, ಎಂದರೆ ಫ್ಲೈವೀಲ್‌ಗೆ ಜೋಡಿಸಲ್ಪಟ್ಟಿರುತ್ತದೆ.

ಹಿಡಿಕೆ ಎಳೆದಾಗ ರಾಟೆ ತಿರುಗುತ್ತದೆ. ರಾಟೆ ತಿರುಗಿದ ಕೂಡಲೇ ಕೊಕ್ಕೆಗಳು ಹೊರಚಾಚಿ ಬಟ್ಟಲನ್ನು ಕಚ್ಚುತ್ತವೆ. ಈಗ ರಾಟೆಯೊಂದಿಗೆ ಫ್ಲೈವೀಲ್ ಸಹ ತಿರುಗುತ್ತದೆ. ಫ್ಲೈವೀಲ್‌ನಲ್ಲಿರುವ ಅಯಸ್ಕಾಂತ ಪಕ್ಕದ ತಂತಿಯ ಸುರುಳಿಯನ್ನು ದಾಟಿ ಹೋಗುವಾಗ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಮೈಕೇಲ್ ಫ್ಯಾರಡೆ ತೋರಿಸಿಕೊಟ್ಟ ತತ್ವವಿದು. ಆ ವಿದ್ಯುತ್ತಿನಿಂದ ಸ್ಪಾರ್ಕ್ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ, ಇಂಧನ ಹೊತ್ತಿಕೊಳ್ಳುತ್ತದೆ. ನೋಡಿದಿರಾ? ಬ್ಯಾಟರಿಯೇ ಇಲ್ಲದೆ ಇಂಜಿನ್ ಚಾಲೂ ಆಯಿತು.

ಇಂಜಿನ್ ಓಡತೊಡಗಿದ ಮೇಲೆ ಫ್ಲೈವೀಲ್ ರಾಟೆಗಿಂತ ವೇಗವಾಗಿ ತಿರುಗುತ್ತದೆ. ಆಗ ಕೊಕ್ಕೆಗಳು ಹಿಂದೆ ಸರಿಯುತ್ತವೆ. ಇಲ್ಲದಿದ್ದರೆ ಇಂಜಿನ್ ನಮ್ಮ ಕೈಯನ್ನೇ ಎಳೆದುಕೊಳ್ಳುತ್ತಿತ್ತು! ಒಂದು ದಿಕ್ಕಿನಲ್ಲಿ ಕಚ್ಚಿ ಇನ್ನೊಂದು ದಿಕ್ಕಿನಲ್ಲಿ ಬಿಡುವ ಇಂಥ ಉಪಾಯ ನಿಮ್ಮ ಸೈಕಲ್ಲಿನ ಹಿಂದಿನ ಗಾಲಿಯಲ್ಲೂ ಇದೆ. ಪೆಡಲ್ ತುಳಿದರೆ ಗಾಲಿ ತಿರುಗುತ್ತದೆ. ತುಳಿಯುವುದನ್ನು ನಿಲ್ಲಿಸಿದರೆ ಗಾಲಿ ತನ್ನ ಪಾಡಿಗೆ ತಿರುಗುತ್ತಲೇ ಇರುತ್ತದೆ, ಒಳಗಿನಿಂದ ಕಟಕಟ ಸದ್ದು ಬರುತ್ತದೆ.

ಕೊನೆಗೆ ಸ್ಪ್ರಿಂಗಿನ ಸರದಿ. ಹಗ್ಗ ಎಳೆದಾಗ ಸ್ಪ್ರಿಂಗು ಬಿಗಿಯಾಗಿ ಸುತ್ತಿಕೊಂಡು ನಿಮ್ಮ ತೋಳಿನ ಶಕ್ತಿಯಲ್ಲಿ ಸ್ವಲ್ಪ ಪಾಲನ್ನು ಪ್ರಚ್ಛನ್ನ ಶಕ್ತಿಯಾಗಿ ಕೂಡಿಟ್ಟುಕೊಂಡಿರುತ್ತದೆ. ಹಿಡಿಕೆ ಬಿಟ್ಟಾಗ ಅದೇ ಶಕ್ತಿ ರಾಟೆಯನ್ನು ಹಿಂದಕ್ಕೆ ತಿರುಗಿಸುತ್ತದೆ. ಇಂಥ ಸ್ಪ್ರಿಂಗಿನ ಉಕ್ಕಿನಲ್ಲಿ ಕಬ್ಬಿಣದ ಜೊತೆ ಇಂಗಾಲ, ಮ್ಯಾಂಗನೀಸ್ ಸೇರಿರುತ್ತವೆ. ಸಂಡೂರಿನ ಗುಡ್ಡಗಳಲ್ಲಿ ಕಬ್ಬಿಣದ ಅದಿರೂ ಇದೆ, ಮ್ಯಾಂಗನೀಸ್ ಅದಿರೂ ಇದೆ ಎಂದು ನಿಮಗೆ ಗೊತ್ತು. ಅಲ್ಲಿಂದ ಲಾರಿಯಲ್ಲಿ, ರೈಲಿನಲ್ಲಿ ಹೋಗುವ ಕೆಂಪು ಮಣ್ಣಿಗೂ ಇಂಥ ಸ್ಪ್ರಿಂಗಿಗೂ ಎಷ್ಟು ಹತ್ತಿರದ ನಂಟು!

ಒಂದು ಸಣ್ಣ ಲೆಕ್ಕ

ರಾಟೆಯ ವ್ಯಾಸ 10 ಸೆಂಟಿಮೀಟರ್ ಎಂದುಕೊಳ್ಳಿ. ಅದರ ಪರಿಧಿ 3.14 × 10, ಅಂದರೆ 31.4 ಸೆಂಟಿಮೀಟರ್. 157 ಸೆಂಟಿಮೀಟರ್ ಹಗ್ಗ ಎಳೆದರೆ ರಾಟೆ ಎಷ್ಟು ಸುತ್ತು ತಿರುಗುತ್ತದೆ? 157 ÷ 31.4 = 5 ಸುತ್ತು.

ಈಗ ಸ್ಪ್ರಿಂಗು ಹೆಚ್ಚೆಂದರೆ 7 ಸುತ್ತು ಸುತ್ತಿಕೊಳ್ಳಬಲ್ಲದು ಎಂದು ಭಾವಿಸಿ. ಹೊಸ ಹಗ್ಗ ಹಾಕುವಾಗ ರಿಪೇರಿಯವರು ಮೊದಲೇ ರಾಟೆಯನ್ನು ಸ್ವಲ್ಪ ತಿರುಗಿಸಿ ಸ್ಪ್ರಿಂಗಿಗೆ ಬಿಗಿ ಕೊಡುತ್ತಾರೆ. ಬಿಗಿಯನ್ನೇ ಕೊಡದಿದ್ದರೆ ಹಗ್ಗ ಪೂರ್ತಿ ಒಳಗೆ ಹೋಗದೆ ಹಿಡಿಕೆ ಜೋತಾಡುತ್ತದೆ. 1 ಸುತ್ತು ಕೊಟ್ಟರೆ, ಹಗ್ಗ ಪೂರ್ತಿ ಎಳೆದಾಗ 1 + 5 = 6 ಸುತ್ತು ಆಗುತ್ತದೆ. ಇನ್ನೂ 1 ಸುತ್ತು ಉಳಿದಿದೆ, ಭಯವಿಲ್ಲ. 3 ಸುತ್ತು ಕೊಟ್ಟರೆ? 3 + 5 = 8. ಸ್ಪ್ರಿಂಗಿನ ಮಿತಿ ಮೀರಿತು! ಜೋರಾಗಿ ಎಳೆದರೆ ಸ್ಪ್ರಿಂಗು ಮುರಿಯಬಹುದು, ಇಲ್ಲವೇ ಅದರ ತುದಿ ಕಿತ್ತುಬರಬಹುದು.

ಇಲ್ಲಿನ ಅಂಕಿಗಳು ಲೆಕ್ಕ ಅರ್ಥವಾಗಲೆಂದು ಕೊಟ್ಟವು. ಪ್ರತಿ ಮೋಟಾರಿಗೂ ಬೇರೆ ಅಳತೆ ಇರುತ್ತದೆ, ಅದನ್ನು ತಯಾರಕರ ಕೈಪಿಡಿಯಲ್ಲಿ ನೋಡಬೇಕು. ಆದರೆ ಒಂದು ಮಾತು ಸ್ಪಷ್ಟ. ‘ಹೆಚ್ಚು ಬಿಗಿ ಮಾಡಿದಷ್ಟೂ ಒಳ್ಳೆಯದು’ ಎಂಬುದು ತಪ್ಪು. ಕೂಡುವುದು, ಕಳೆಯುವುದು, ಭಾಗಿಸುವುದು ಬಂದರೆ ಈ ತಪ್ಪು ಏಕೆ ಎಂದು ಆರನೇ ತರಗತಿಯವರೂ ಹೇಳಬಲ್ಲರು.

ಕೆಟ್ಟಿದ್ದು ಯಾವುದು?

ಒಳ್ಳೆಯ ವೈದ್ಯರು ಮೊದಲು ರೋಗಿಯನ್ನು ಪ್ರಶ್ನೆ ಕೇಳುತ್ತಾರೆ, ಆಮೇಲೆ ಔಷಧಿ ಬರೆಯುತ್ತಾರೆ. ಒಳ್ಳೆಯ ಮೆಕ್ಯಾನಿಕ್ ಕೂಡ ಹಾಗೆಯೇ. ಸ್ಪ್ಯಾನರ್ ಹಿಡಿಯುವ ಮೊದಲು ಲಕ್ಷಣಗಳನ್ನು ನೋಡುತ್ತಾರೆ.

ಹಗ್ಗ ಸ್ವಲ್ಪವೂ ಬರುತ್ತಿಲ್ಲವೇ? ಹಾಗಾದರೆ ಮೊದಲು ಗೇರ್ ನೋಡಬೇಕು. ಎಷ್ಟೋ ಔಟ್‌ಬೋರ್ಡ್ ಮೋಟಾರುಗಳಲ್ಲಿ ಗೇರ್ ನ್ಯೂಟ್ರಲ್‌ನಲ್ಲಿ ಇಲ್ಲದಿದ್ದರೆ ಹಗ್ಗ ಎಳೆಯಲು ಬಾರದಂತೆ ತಡೆ ಇರುತ್ತದೆ. ಅದು ದೋಷವಲ್ಲ, ನಮ್ಮ ರಕ್ಷಣೆಗಾಗಿ ಇಟ್ಟದ್ದು. ಗೇರಿನಲ್ಲಿದ್ದಾಗ ಇಂಜಿನ್ ಚಾಲೂ ಆದರೆ ದೋಣಿ ಒಮ್ಮೆಲೇ ಮುನ್ನುಗ್ಗಿ ನಿಂತವರು ನೀರಿಗೆ ಬೀಳಬಹುದು.

ಹಗ್ಗ ಬರುತ್ತದೆ, ಆದರೆ ಇಂಜಿನ್ ತಿರುಗುವುದಿಲ್ಲವೇ? ಕೊಕ್ಕೆಗಳು ಕಚ್ಚುತ್ತಿಲ್ಲ ಎಂದರ್ಥ. ಅವು ಸವೆದಿರಬಹುದು ಅಥವಾ ಕೊಳೆಯಿಂದ ಅಂಟಿಕೊಂಡಿರಬಹುದು.

ಹಗ್ಗ ಮರಳಿ ಒಳಗೆ ಹೋಗುತ್ತಿಲ್ಲವೇ? ಸ್ಪ್ರಿಂಗು ಮುರಿದಿರಬಹುದು, ಕಳಚಿರಬಹುದು ಅಥವಾ ಅದಕ್ಕೆ ಬಿಗಿ ಸಾಲದಿರಬಹುದು.

ಹಗ್ಗ ಪದೇ ಪದೇ ಒಂದೇ ಕಡೆ ಹರಿಯುತ್ತಿದೆಯೇ? ಹಗ್ಗ ಹೊರಬರುವ ರಂಧ್ರದ ಅಂಚು ಒರಟಾಗಿರಬಹುದು. ಅಂಚನ್ನು ಸರಿಮಾಡದೆ ಹತ್ತು ಹಗ್ಗ ಬದಲಾಯಿಸಿದರೂ ಹತ್ತೂ ಹರಿಯುತ್ತವೆ!

ನಮ್ಮ ಕಡೆ ಇನ್ನೊಂದು ಶತ್ರುವಿದೆ, ಅದು ಹೂಳು. ತುಂಗಭದ್ರಾ ಜಲಾಶಯ ಆರಂಭದಲ್ಲಿ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಈಗ ಅದು ಸುಮಾರು 105 ಟಿಎಂಸಿಗೆ ಇಳಿದಿದೆ. ಅಷ್ಟು ಹೂಳು ತರುವ ನದಿಯಲ್ಲಿ ಓಡುವ ಮೋಟಾರಿನ ಸಂದುಗಳಿಗೂ ನುಣ್ಣನೆಯ ಮಣ್ಣು, ಮರಳು ಸೇರದಿರುತ್ತದೆಯೇ? ಗ್ರೀಸಿಗೆ ಮರಳು ಅಂಟಿಕೊಂಡರೆ ಅದು ಉಪ್ಪುಕಾಗದದ ಹಾಗೆ ಉಜ್ಜುತ್ತದೆ. ಘರ್ಷಣೆ ಕಡಿಮೆ ಮಾಡಲು ಹಚ್ಚಿದ ಗ್ರೀಸೇ ಸವೆತಕ್ಕೆ ದಾರಿಯಾಗುತ್ತದೆ.

ಹೀಗೆ ಲಕ್ಷಣದಿಂದ ಕಾರಣಕ್ಕೆ ಹೋಗುವುದನ್ನೇ ನಾವು ತರಗತಿಯಲ್ಲಿ ವೈಜ್ಞಾನಿಕ ವಿಧಾನ ಎಂದು ಕಲಿಸುತ್ತೇವೆ. ಗಮನಿಸು, ಊಹಿಸು, ಪರೀಕ್ಷಿಸು. ದೋಣಿಯ ದಂಡೆಯಲ್ಲಿ ಕುಳಿತು ಕೆಲಸ ಮಾಡುವ ಮೆಕ್ಯಾನಿಕ್ ಈ ಮೂರನ್ನೂ ದಿನವೂ ಮಾಡುತ್ತಾರೆ. ಹೆಸರು ಮಾತ್ರ ಬೇರೆ.

ರಿಪೇರಿ ಹೇಗೆ? ಎಚ್ಚರ ಏನು?

ಕೆಲಸ ಬಲ್ಲವರು ಮೊದಲು ಸ್ಪಾರ್ಕ್ ಪ್ಲಗ್ಗಿನ ಟೋಪಿಯನ್ನು ಕಳಚುತ್ತಾರೆ. ಫ್ಲೈವೀಲ್ ಕೈತಾಗಿ ತಿರುಗಿದರೂ ಇಂಜಿನ್ ಚಾಲೂ ಆಗಬಾರದು ಎಂಬುದು ಇದರ ಉದ್ದೇಶ. ಅನಂತರ ಬೋಲ್ಟುಗಳನ್ನು ಬಿಚ್ಚಿ ಸ್ಟಾರ್ಟರಿನ ಮುಚ್ಚಳವನ್ನು ಎತ್ತುತ್ತಾರೆ. ಹಗ್ಗ ಮಾತ್ರ ಹರಿದಿದ್ದರೆ ಸ್ಪ್ರಿಂಗನ್ನು ಹೊರತೆಗೆಯುವ ಅಗತ್ಯವೇ ಬರದಿರಬಹುದು. ಮೊದಲಿದ್ದಷ್ಟೇ ದಪ್ಪ, ಮೊದಲಿದ್ದಷ್ಟೇ ಉದ್ದದ ಹಗ್ಗ ಬೇಕು. ದಪ್ಪ ಹೆಚ್ಚಾದರೆ ರಾಟೆಯ ಕಾಲುವೆಯಲ್ಲಿ ಕೂರುವುದಿಲ್ಲ. ಉದ್ದ ಹೆಚ್ಚಾದರೆ ಮೇಲೆ ಮಾಡಿದ ಲೆಕ್ಕ ತಪ್ಪುತ್ತದೆ. ನೈಲಾನ್ ಹಗ್ಗದ ತುದಿಯನ್ನು ಬೆಂಕಿಗೆ ಹಿಡಿದು ಕರಗಿಸಿದರೆ ಎಳೆಗಳು ಬಿಟ್ಟುಕೊಳ್ಳುವುದಿಲ್ಲ. ಗಂಟು ಹಾಕಿ, ಸ್ಪ್ರಿಂಗಿಗೆ ಬೇಕಾದಷ್ಟು ಬಿಗಿ ಕೊಟ್ಟು, ಹಗ್ಗ ಸುತ್ತುತ್ತಾರೆ. ಕೊನೆಗೆ ಹಗ್ಗವನ್ನು ಪೂರ್ತಿ ಎಳೆದು ಹಿಡಿದು, ರಾಟೆ ಇನ್ನೂ ಸ್ವಲ್ಪ ತಿರುಗಬಲ್ಲದೇ ಎಂದು ಪರೀಕ್ಷಿಸುತ್ತಾರೆ. ತಿರುಗಿದರೆ ಸ್ಪ್ರಿಂಗಿಗೆ ಉಸಿರಾಡಲು ಜಾಗ ಉಳಿದಿದೆ ಎಂದರ್ಥ.

ಈಗ ಎಚ್ಚರದ ಮಾತು. ಮಕ್ಕಳೇ, ಈ ಕೆಲಸವನ್ನು ನೀವು ನೋಡಿ ಕಲಿಯಬೇಕು, ನೀವೇ ಬಿಚ್ಚಲು ಹೋಗಬಾರದು. ಸುತ್ತಿದ ಸ್ಪ್ರಿಂಗು ಹಿಡಿದಿಟ್ಟ ಹಾವಿನಂತೆ. ಅದರ ಮನೆಯಿಂದ ಕಳಚಿದರೆ ಕ್ಷಣದಲ್ಲಿ ಹಾರಿ ಕೈ, ಮುಖ, ಕಣ್ಣಿಗೆ ಗಾಯ ಮಾಡಬಲ್ಲದು. ಬಲ್ಲವರೂ ಕನ್ನಡಕ, ದಪ್ಪ ಕೈಗವಸು ಹಾಕಿಕೊಂಡೇ ಅದನ್ನು ಮುಟ್ಟಬೇಕು. ದೋಣಿ ದಡದಲ್ಲಿ ಇದ್ದಾಗ ಮಾತ್ರ ರಿಪೇರಿ. ಹೊಳೆಯ ಮಧ್ಯೆ ಅಲ್ಲ.

ಇಷ್ಟು ಸಣ್ಣ ಹಗ್ಗಕ್ಕೆ ಇಷ್ಟು ಮಾತೇಕೆ?

2019ರ ಆಗಸ್ಟ್ ತಿಂಗಳನ್ನು ನೆನಪಿಸಿಕೊಳ್ಳೋಣ. ಜಲಾಶಯದಿಂದ ಭಾರಿ ಪ್ರಮಾಣದಲ್ಲಿ ನೀರು ಬಿಟ್ಟಾಗ ಹಂಪಿಯ ಎದುರು ದಂಡೆಯ ವಿರೂಪಾಪುರ ಗಡ್ಡಿಯಲ್ಲಿ ನೂರಾರು ಪ್ರವಾಸಿಗರು ಸಿಕ್ಕಿಹಾಕಿಕೊಂಡರು. ದೋಣಿ ಮತ್ತು ಹೆಲಿಕಾಪ್ಟರುಗಳ ನೆರವಿನಿಂದ ಅವರನ್ನು ಕರೆತರಲಾಯಿತು. ನದಿ ಉಕ್ಕಿದಾಗ ಕಂಪ್ಲಿಯ ಸೇತುವೆ ಮುಳುಗಿ ಗಂಗಾವತಿ ಕಡೆಯ ಸಂಚಾರ ನಿಲ್ಲುವುದನ್ನೂ ನಾವು ಕಂಡಿದ್ದೇವೆ. ಅಂಥ ದಿನಗಳಲ್ಲಿ ಜನರನ್ನು ಕರೆತರಲು ಹೊರಟ ದೋಣಿಯ ಮೋಟಾರು ಒಂದೇ ಎಳೆತಕ್ಕೆ ಚಾಲೂ ಆಗಬೇಕು. ಬಂಡೆಗಳ ನಡುವೆ ಸೆಳೆತವಿರುವ ಈ ಹೊಳೆಯಲ್ಲಿ ಮೋಟಾರು ನಿಂತ ದೋಣಿ ಎಲ್ಲಿಗೆ ಹೋಗುತ್ತದೆಂದು ನದಿಯೇ ತೀರ್ಮಾನಿಸುತ್ತದೆ. ಅದಕ್ಕೇ ದೋಣಿಯಲ್ಲಿ ಹುಟ್ಟೂ ಇರಬೇಕು, ಪ್ರತಿಯೊಬ್ಬರ ಮೈಮೇಲೆ ಜೀವರಕ್ಷಕ ಜಾಕೆಟ್ಟೂ ಇರಬೇಕು.

ಇನ್ನೂ ದೊಡ್ಡ ಉದಾಹರಣೆ ಬೇಕೇ? ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನಲ್ಲಿ 33 ಕ್ರಸ್ಟ್ ಗೇಟುಗಳಿವೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಬಹಳಷ್ಟು ನೀರು ನದಿಗೆ ಹರಿದುಹೋಯಿತು. ಕಾಲುವೆಯ ನೀರನ್ನೇ ನಂಬಿದ ರೈತರು ಆತಂಕಪಟ್ಟರು. ತಂತ್ರಜ್ಞರು, ಕಾರ್ಮಿಕರು ಹಗಲಿರುಳು ದುಡಿದು, ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿ, ಸುಮಾರು ಒಂದು ವಾರದಲ್ಲಿ ನೀರು ನಿಲ್ಲಿಸಿದರು. ಅದು ಎಷ್ಟು ಕಷ್ಟದ ರಿಪೇರಿ! ಅವರ ಕೆಲಸ ನೋಡಿ ನಾಡೇ ಹೆಮ್ಮೆಪಟ್ಟಿತು. ಆದರೆ ಆ ಸರಪಳಿ ನಮಗೊಂದು ಪಾಠವನ್ನೂ ಹೇಳಿತು. ದೋಣಿಯ ಹಗ್ಗವಾಗಲಿ, ಅಣೆಕಟ್ಟಿನ ಸರಪಳಿಯಾಗಲಿ, ಸವೆತ ಒಂದೇ ದಿನದಲ್ಲಿ ಆಗುವುದಿಲ್ಲ. ಅದು ದಿನದಿನವೂ ಸ್ವಲ್ಪ ಸ್ವಲ್ಪ ನಡೆಯುತ್ತಿರುತ್ತದೆ. ತುಂಡಾಗುವುದು ಮಾತ್ರ ಒಂದು ಕ್ಷಣದಲ್ಲಿ.

‘ಅದು ಓದದವರ ಕೆಲಸ’ ಎನ್ನಬೇಡಿ

ರಿಪೇರಿಯನ್ನು ಶಾಲೆಗೆ ತರಬೇಕೆಂದರೆ ಕೆಲವು ಪಾಲಕರು ಹುಬ್ಬು ಏರಿಸುತ್ತಾರೆ. ‘ನಮ್ಮ ಮಗ ಇಂಜಿನಿಯರ್ ಆಗಲಿ ಎಂದು ಶಾಲೆಗೆ ಕಳಿಸುತ್ತೇವೆ, ಮೆಕ್ಯಾನಿಕ್ ಆಗಲಿ ಎಂದಲ್ಲ’ ಎನ್ನುತ್ತಾರೆ. ಅವರ ಆಸೆಯಲ್ಲಿ ತಪ್ಪಿಲ್ಲ. ಕೈಮೈ ಕೊಳೆ ಮಾಡಿಕೊಂಡು ದುಡಿದವರಿಗೆ ತಮ್ಮ ಮಕ್ಕಳಿಗಾದರೂ ಆ ಕಷ್ಟ ಬೇಡ ಎನ್ನಿಸುವುದು ಸಹಜ. ಆದರೆ ಸ್ಪ್ರಿಂಗು ಏಕೆ ಮುರಿಯಿತು ಎಂದು ತಿಳಿಯದ ಇಂಜಿನಿಯರ್ ಮುರಿಯದ ಸ್ಪ್ರಿಂಗನ್ನು ಹೇಗೆ ರೂಪಿಸಿಯಾರು? ‘ಸ್ಥಿತಿಸ್ಥಾಪಕತ್ವ’ ಎಂಬ ಪದವನ್ನು ಹತ್ತು ಸಲ ಬರೆದವರಿಗಿಂತ ಒಂದು ಸ್ಪ್ರಿಂಗಿನ ಬಿಗಿಯನ್ನು ಕಣ್ಣಾರೆ ಕಂಡವರಿಗೆ ಆ ಪದ ಹೆಚ್ಚು ಚೆನ್ನಾಗಿ ಅರ್ಥವಾಗುತ್ತದೆ.

‘ಈಗ ಗುಂಡಿ ಒತ್ತಿದರೆ ಚಾಲೂ ಆಗುವ ಮೋಟಾರುಗಳಿವೆ, ಹಗ್ಗದ ಪಾಠ ಏಕೆ?’ ಎಂದೂ ಕೇಳಬಹುದು. ಗುಂಡಿಯ ಹಿಂದೆ ಬ್ಯಾಟರಿ ಇದೆ, ತಂತಿ ಇದೆ, ಅವೂ ಕೆಡುತ್ತವೆ. ವಸ್ತು ಯಾವುದೇ ಇರಲಿ, ಒಳಗೆ ಏನಿದೆ ಎಂದು ಕೇಳುವ ಅಭ್ಯಾಸ ಮುಖ್ಯ. ಈ ಅಭ್ಯಾಸಕ್ಕೆ ಸರ್ಕಾರದ ಮಟ್ಟದಲ್ಲೂ ಬೆಲೆ ಬರುತ್ತಿದೆ. ಕೊಂಡ ವಸ್ತುವನ್ನು ರಿಪೇರಿ ಮಾಡಿಸಿಕೊಳ್ಳಲು ಬೇಕಾದ ಮಾಹಿತಿ ಗ್ರಾಹಕರಿಗೆ ಸಿಗಬೇಕೆಂದು ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ‘ರಿಪೇರಿ ಹಕ್ಕು’ ಜಾಲತಾಣವನ್ನು ಆರಂಭಿಸಿತು. ಒಂದು ಹಗ್ಗಕ್ಕಾಗಿ ಇಡೀ ಸ್ಟಾರ್ಟರನ್ನು ಗುಜರಿಗೆ ಹಾಕಿದರೆ ಹಣವೂ ಹೋಗುತ್ತದೆ, ಗುಡ್ಡ ಅಗೆದು ತೆಗೆದ ಅದಿರೂ ವ್ಯರ್ಥವಾಗುತ್ತದೆ. ಹಾಗೆಂದು ಎಲ್ಲವನ್ನೂ ತೇಪೆ ಹಾಕಿ ಓಡಿಸಬೇಕೆಂದಲ್ಲ. ರಾಟೆಯೇ ಬಿರುಕು ಬಿಟ್ಟಿದ್ದರೆ, ಕೊಕ್ಕೆ ಸವೆದಿದ್ದರೆ ಬದಲಾಯಿಸಲೇಬೇಕು. ಜೀವದ ಪ್ರಶ್ನೆ ಇರುವಲ್ಲಿ ಜುಗ್ಗತನ ಸಲ್ಲದು. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಸಾಡಬೇಕು ಎಂದು ಕಾರಣ ಕೊಟ್ಟು ಹೇಳಬಲ್ಲವರೇ ನಿಜವಾದ ರಿಪೇರಿಗಾರರು.

ನಮ್ಮ ಶಾಲೆಗಳಲ್ಲಿ ಏನು ಮಾಡಬಹುದು?

ಶಿಕ್ಷಕ ಬಂಧುಗಳಲ್ಲಿ ನನ್ನದೊಂದು ಸಲಹೆ. ವರ್ಷಕ್ಕೆ ಒಂದು ದಿನವಾದರೂ ಊರಿನ ಒಬ್ಬ ಮೆಕ್ಯಾನಿಕನ್ನು ಅತಿಥಿಯಾಗಿ ಶಾಲೆಗೆ ಕರೆಯಿರಿ. ಪಂಪ್‌ಸೆಟ್, ಸ್ಪ್ರೇಯರ್, ಸೈಕಲ್, ದೋಣಿ ಮೋಟಾರ್, ಯಾವುದಾದರೂ ಸರಿ. ಅವರು ಬಿಚ್ಚಿ ತೋರಿಸಲಿ, ಮಕ್ಕಳು ದೂರದಲ್ಲಿ ಕುಳಿತು ನೋಡಿ ಪ್ರಶ್ನೆ ಕೇಳಲಿ. ‘ಇದಕ್ಕೆ ಪುಸ್ತಕದಲ್ಲಿ ಏನೆನ್ನುತ್ತಾರೆ?’ ಎಂದು ನೀವು ಸೇರಿಸಿ. ಪುಸ್ತಕದ ಪದ ಮತ್ತು ಕೈಯ ಅನುಭವ ಒಂದೇ ಕೋಣೆಯಲ್ಲಿ ಸೇರಿದರೆ ಎರಡಕ್ಕೂ ಲಾಭ.

ಮಕ್ಕಳೇ, ನಿಮಗೂ ಮೂರು ಕೆಲಸಗಳಿವೆ. ಯಾವುದಕ್ಕೂ ಹೊಳೆಗೆ ಇಳಿಯಬೇಕಾಗಿಲ್ಲ, ಯಾವ ಯಂತ್ರವನ್ನೂ ಬಿಚ್ಚಬೇಕಾಗಿಲ್ಲ.

ಒಂದು, ದುಂಡಗಿನ ಡಬ್ಬಿಯೊಂದಕ್ಕೆ ದಾರ ಸುತ್ತಿ. ಡಬ್ಬಿಯ ವ್ಯಾಸ ಅಳೆದು, 1 ಮೀಟರ್ ದಾರ ಎಳೆದರೆ ಎಷ್ಟು ಸುತ್ತು ತಿರುಗಬೇಕೆಂದು ಮೊದಲು ಲೆಕ್ಕ ಹಾಕಿ. ಅನಂತರ ಎಳೆದು ಎಣಿಸಿ. ಎರಡೂ ಹೊಂದುತ್ತವೆಯೇ?

ಎರಡು, ಸೈಕಲ್ ಸ್ಟ್ಯಾಂಡ್ ಹಾಕಿ, ಪೆಡಲನ್ನು ಹಿಂದಕ್ಕೆ ತಿರುಗಿಸಿ ಕಟಕಟ ಸದ್ದು ಕೇಳಿ. ಒಳಗಿನ ಕೊಕ್ಕೆಗಳು ಏನು ಮಾಡುತ್ತಿರಬಹುದು? ಊಹಿಸಿ ಚಿತ್ರ ಬರೆಯಿರಿ. ಸರಪಳಿಯ ಹತ್ತಿರ ಬೆರಳು ಬೇಡ.

ಮೂರು, ನಿಮ್ಮ ಶಾಲೆಯ ಧ್ವಜಸ್ತಂಭದ ಹಗ್ಗವನ್ನು ನೋಡಿ. ಎಲ್ಲಿ ಬಣ್ಣ ಮಾಸಿದೆ, ಎಲ್ಲಿ ಎಳೆ ಬಿಟ್ಟಿದೆ, ರಾಟೆಗೆ ತಾಗುವ ಕಡೆ ಹೇಗಿದೆ ಎಂದು ಪುಸ್ತಕದಲ್ಲಿ ಬರೆದು ದಿನಾಂಕ ಹಾಕಿ. ತಿಂಗಳಿಗೊಮ್ಮೆ ಮತ್ತೆ ನೋಡಿ ಹೋಲಿಸಿ. ಹಗ್ಗ ಸವೆದಿದ್ದರೆ ಮುಖ್ಯ ಶಿಕ್ಷಕರಿಗೆ ಹೇಳಿ, ಆಗಸ್ಟ್ 15 ಬರುವ ಮೊದಲೇ ಹೊಸ ಹಗ್ಗ ಹಾಕಿಸಿ. ಹಾಗೆ ಮಾಡಿದ ಶಾಲೆಯವರು ನಿಮ್ಮ ಪಟ್ಟಿಯನ್ನು ನಮಗೂ ತೋರಿಸಿ. ಯಾವ ಹಗ್ಗ ಎಷ್ಟು ತಿಂಗಳು ಬಾಳಿತು ಎಂದು ಎಲ್ಲರೂ ಕೂಡಿ ನೋಡೋಣ.